ಪ್ರಶ್ನೆ ಪುಸ್ತಕ ನನ್ನ ಚೀಲದಲ್ಲಿದೆ

ಅಪ್ಪಾ,

ನಿಮ್ಮ ತರಗತಿಯ ಪ್ರಶ್ನೆ ಪುಸ್ತಕಕ್ಕಾಗಿ ಮನೆಯೆಲ್ಲ ತಡಕಾಡಬೇಡಿ. ಬೇಕೆಂದೇ ನಾನು ಒಯ್ದಿದ್ದೇನೆ.

ಬಸ್ ಓಡಿಸುವುದು ಬಿಟ್ಟ ಮೇಲೆ ನೀವು ಚರ್ಚಿನಲ್ಲಿ ಆಪ್ತಸಮಾಲೋಚನೆ ಕಲಿಯುತ್ತೇನೆ ಎಂದಾಗ ಎಲ್ಲರಿಗಿಂತ ಹೆಚ್ಚು ಖುಷಿಪಟ್ಟವಳು ನಾನೇ. ಆದರೆ ಮಂಗಳವಾರ ಆಸ್ಪತ್ರೆಯ ಲಾಂಡ್ರಿಯ ಮೇಲ್ವಿಚಾರಕ ನನ್ನನ್ನು ಕೆಲಸದಿಂದ ತೆಗೆದ. ಅಳುತ್ತಾ ಮನೆಗೆ ಬಂದರೆ ನೀವು ಕನ್ನಡಕ ಹಾಕಿಕೊಂಡು, ಈ ಪುಸ್ತಕದ ಪುಟ ತಿರುವಿ, "ಇದರಿಂದ ನಿನಗೆ ಏನನ್ನಿಸ್ತಿದೆ?" ಎಂದು ಓದಿದಿರಿ. ನಾನು ಬಾಯಿ ತೆರೆಯುವ ಮೊದಲೇ, "ಈಗ ಪ್ರಾರ್ಥನೆ ಮಾಡೋಣ್ವಾ?" ಅಂದಿರಿ. ಅದು ಮುಂದಿನ ಪ್ರಶ್ನೆಯಂತೆ! ಮೈಯೆಲ್ಲ ಉರಿದುಹೋಯಿತು.

ಊಟ ಮುಚ್ಚಿಟ್ಟಿದ್ದೇನೆ. ಬಿಳಿ ಅಂಗಿಗೆ ಇಸ್ತ್ರಿ ಹಾಕಿದ್ದೇನೆ. ಬಿ.ಪಿ. ಮಾತ್ರೆ ಮರೆಯಬೇಡಿ.

ಇವತ್ತು ಮೊದಲ ಸಲ ಬಸ್ ನಿಲ್ದಾಣದ ಹಿಂದೆ ಮಲಗುವ ಮನೆಯಿಲ್ಲದವರ ಜೊತೆ ಕೂತು ಅವರ ಕಷ್ಟ ಕೇಳಲು ಹೋಗುತ್ತಿದ್ದೀರಿ. ನಾನು ಮಗಳು, ಸಹಿಸಿಕೊಂಡೆ. ಅವರ ಮುಂದೆ ಪುಟ ತಿರುವಿದರೆ ಎದ್ದು ಹೋಗುತ್ತಾರೆ.

ಹಿಂದೊಮ್ಮೆ ನಿಮ್ಮ ಬಸ್ಸಿನಲ್ಲಿ, ಕೊನೆಯ ನಿಲ್ದಾಣ ಬಂದರೂ ಇಳಿಯದೆ ಒಬ್ಬ ಹೆಂಗಸು ಅಳುತ್ತಾ ಕೂತಿದ್ದಳಲ್ಲ? ನೀವು ಎಂಜಿನ್ ಆರಿಸಿ ಅವಳ ಪಕ್ಕದಲ್ಲಿ ಕೂತಿರಿ. ನಿಮ್ಮ ಫ್ಲಾಸ್ಕಿನ ಚಹಾ ಕೊಟ್ಟಿರಿ. ಒಂದು ಪ್ರಶ್ನೆಯನ್ನೂ ಕೇಳಲಿಲ್ಲ, ಅವಳೇ ಎಲ್ಲವನ್ನೂ ಹೇಳಿಕೊಂಡಳು. ಹಿಂದಿನ ಸೀಟಿನಿಂದ ನಾನು ನೋಡುತ್ತಿದ್ದೆ. ಅದನ್ನು ನಿಮಗೆ ಯಾವ ತರಗತಿಯಲ್ಲಿ ಕಲಿಸಿದ್ದರು?

ನಾನು ಕೆಲಸ ಕೇಳಲು ಇನ್ನೊಂದು ಲಾಂಡ್ರಿಗೆ ಹೋಗುತ್ತಿದ್ದೇನೆ. ಸಂಜೆ ನನ್ನ ಜೊತೆ ಕೂತು ಆ ಮೇಲ್ವಿಚಾರಕನನ್ನು ಬಾಯ್ತುಂಬ ಬೈಯಿರಿ. ಪ್ರಾರ್ಥನೆ ಆಮೇಲೆ ಮಾಡೋಣ.