ಸಂತೆಯ ಥಂಡಿ ಕಲ್ಲು

ಅಮ್ಮಾ,

ನಿನ್ನನ್ನು ಮಣ್ಣಿಗೆ ಕಳಿಸಿದ ಗಂಟು ನನಗೂ ಅದೇ ಜಾಗದಲ್ಲಿ ಎದ್ದಿದೆ. ಇವತ್ತು ಪುನೋ ಪಟ್ಟಣದ ದೊಡ್ಡಾಸ್ಪತ್ರೆಯಲ್ಲಿ ತೋರಿಸಿದೆ. ಯೋನಿದ್ವಾರದ ಎರಡೂ ಪಕ್ಕ ಬಟಾಣಿಯಷ್ಟು ಗ್ರಂಥಿಗಳಿರುತ್ತವಂತೆ. ಪಸೆ ಒಸರುವುದು ಅವುಗಳ ಕೆಲಸವಂತೆ. ನನ್ನ ಗಂಟು ಎದ್ದಿರುವುದು ಅವುಗಳಲ್ಲೊಂದರಲ್ಲಂತೆ.

“ಬರೀ ಗ್ರಂಥಿಯ ಕೊಳವೆ ಕಟ್ಕೊಂಡು ಊದ್ಕೊಂಡಿದ್ರೆ ಕೊಯ್ದು ಬಿಡ್ತಿದ್ವಿ. ಇದು ಗಟ್ಟಿಯಾಗಿ ಬೇರೂರಿದೆಯಲ್ರೀ! ಇಷ್ಟು ದಿನ ಏನ್ ಮಾಡ್ತಿದ್ರಿ?” ಎಂದರು ಡಾಕ್ಟರ್ ಎಲ್ವಿರಾ.

“ಸಂತೇಲಿ ಥಂಡಿ ಕಲ್ಲಿನ ಮೇಲೆ ಕೂತಿದ್ದಕ್ಕೆ ಬಂದಿದ್ದು ಅಂತ, ಅಮ್ಮನ ಥರಾನೇ ಸೊಪ್ಪು ಕುದಿಸಿದ ನೀರಲ್ಲಿ ಕೂರ್ತಿದ್ದೆ” ಎಂದೆ. ಅವರು ಕೈಗವಸು ಬಿಚ್ಚಿ ಬುಟ್ಟಿಗೆ ಹಾಕಿದರು.

ಮನೆಗೆ ಬಂದು ಮತ್ತೆ ಸೊಪ್ಪಿನ ನೀರಿನ ಬೋಗುಣಿಯಲ್ಲೇ ಕೂತೆ. ಬಾಗಿಲಾಚೆಯಿಂದ ಮಗಳು ಯೆನಿ ಕೇಳಿದಳು, “ಡಾಕ್ಟರ್ ಏನಂದ್ರಮ್ಮಾ?”

“ಏನಿಲ್ಲ ಕಣೇ, ಥಂಡಿ. ನೀನು ಮಾತ್ರ ಕಲ್ಲಿನ ಮೇಲೆ ಕೂರಬೇಡ.”