ಅರ್ಧಕ್ಕೆ ಇಳಿಯಬೇಡ

ಕರ್ಕಿ, ಹೊನ್ನಾವರ ತಾಲೂಕು
೨೧ ಜನವರಿ ೨೦೨೫, ಮಂಗಳವಾರ

ಪ್ರೀತಿಯ ವೀಣಾ,

ನಿನ್ನ ಮಾವನ ಆಶೀರ್ವಾದ. ಬೂಟು ಕಚ್ಚಿ ಹಿಮ್ಮಡಿಯಲ್ಲಿ ಆಗಿದ್ದ ಗಾಯ ಒಣಗಿತೇ? ಮಲಗುವಾಗ ತೆಂಗಿನೆಣ್ಣೆ ಹಚ್ಚು, ದಪ್ಪ ಕಾಲುಚೀಲ ಹಾಕಿಕೋ. ಓಟ ಮುಗಿದ ಕೂಡಲೇ ತಣ್ಣೀರು ಕುಡಿಯಬೇಡ. ಅಲ್ಲಿ ಎರಡು ಹೊತ್ತೂ ಚಪಾತಿ, ಗಂಜಿಯ ಮುಖ ಕಾಣದೆ ತಿಂಗಳಾಯಿತು ಎಂದಿದ್ದೆ. ಹೊಟ್ಟೆಗೆ ಈಗ ಒಗ್ಗಿತೋ ಇಲ್ಲವೋ? ನಿನ್ನ ಮಗಳು ಶ್ರೇಯಾ ಅಂಗನವಾಡಿಗೆ ಹೋಗುತ್ತಿದ್ದಾಳೆ, ಹೊಟ್ಟೆ ತುಂಬ ಉಣ್ಣುತ್ತಾಳೆ, ಚೆನ್ನಾಗಿದ್ದಾಳೆ. ಪೊಲೀಸ್ ತರಬೇತಿ ಶಾಲೆಯವರು ನಿಮಗೆ ಫೋನು ಕೊಡುವುದು ಭಾನುವಾರ ಮಾತ್ರ, ಅದೂ ಹಿಂದೆ ನಿಂತವರು ಅವಸರ ಮಾಡುತ್ತಿರುವಾಗ. ಅಷ್ಟರಲ್ಲಿ ಹೇಳಿ ಮುಗಿಸುವ ಮಾತಲ್ಲ ಇದು. ಅದಕ್ಕೇ ಕಾಗದ ಬರೆಯಲು ಕುಳಿತೆ. ಮುಂದಿನ ಭಾನುವಾರದೊಳಗೆ ನಿನ್ನ ಕೈಸೇರಲಿ ಎಂದು ನಾನೇ ಹೊನ್ನಾವರಕ್ಕೆ ಹೋಗಿ ಸ್ಪೀಡ್ ಪೋಸ್ಟ್ ಮಾಡುತ್ತೇನೆ.

ಕಿರಣ ಎಷ್ಟಾದರೂ ನಿನ್ನ ಗಂಡ, ಮುಚ್ಚಿಡಲು ಆಗದೆ ಮೊನ್ನೆ ಭಾನುವಾರ ಫೋನಿನಲ್ಲಿ ಅತ್ತೆ ಬಿದ್ದದ್ದನ್ನು ಬಾಯಿಬಿಟ್ಟ. ನೀನು ಅಳುತ್ತಾ, "ಅತ್ತೆಗೆ ಹೀಂಗಾಗಿರುವಾಗ ನನಗೆ ಈ ಕೆಲ್ಸ ಬ್ಯಾಡ, ಬಂದ್ಬಿಡ್ತೆ" ಅಂದಿದ್ದು ಪಕ್ಕದಲ್ಲಿದ್ದ ನನಗೂ ಕೇಳಿಸಿತು. ಅವನು ಗಾಬರಿಯಲ್ಲಿ ಅರ್ಧಂಬರ್ಧ ಹೇಳಿದ, ನಾನು ಪೂರ್ತಿ ಹೇಳುತ್ತೇನೆ. ಸಂಕ್ರಾಂತಿಗೆ ಮೊದಲು ಹಿತ್ತಿಲಲ್ಲಿ ಬಟ್ಟೆ ಒಗೆಯುವಾಗ ಸಾಬೂನಿನ ನೀರಿನ ಮೇಲೆ ಕಾಲಿಟ್ಟು ನಿನ್ನ ಅತ್ತೆ ಜಾರಿ ಬಿದ್ದಳು. ನಾನು ಓಡಿಹೋದಾಗ ಅವಳು ಕೂಗುತ್ತಲೂ ಇರಲಿಲ್ಲ. ಬಿದ್ದಲ್ಲಿಂದಲೇ ಸೆರಗು ಸರಿಮಾಡಿಕೊಳ್ಳುತ್ತಾ, "ನಲ್ಲಿ ನಿಲ್ಸಿ, ನೀರು ಹೋಗ್ತಾ ಉಂಟು" ಎಂದಳು. ಕುಮಟಾದ ಆಸ್ಪತ್ರೆಗೆ ಸೇರಿಸಿದೆವು. ಸೊಂಟದ ಮೂಳೆ ಮುರಿದಿತ್ತು. ರಾಡು ಹಾಕಿದ್ದಾರೆ. ಆಪರೇಷನ್ ಚೆನ್ನಾಗಿ ಆಗಿದೆ ಎಂದು ಡಾಕ್ಟರು ಎರಡು ಸಲ ಹೇಳಿದರು. ಈಗ ಮನೆಯಲ್ಲಿದ್ದಾಳೆ. ವಾಕರ್ ಹಿಡಿದು ನಿಲ್ಲುವ ಅಭ್ಯಾಸ ಶುರುವಾಗಿದೆ. ನಿಂತಾಗ ಹಲ್ಲು ಕಚ್ಚುತ್ತಾಳೆ, ಆದರೆ ನಿಲ್ಲುತ್ತಾಳೆ.

ಕಷ್ಟ ಆಗಲಿಲ್ಲ ಎಂದರೆ ಸುಳ್ಳಾಗುತ್ತದೆ. ನೋವಿಗಿಂತ ಹೆಚ್ಚು ಅವಳಿಗೆ ನಾಚಿಕೆಯದ್ದೇ ಕಷ್ಟ. ಬೆಡ್‌ಪ್ಯಾನು ಹಿಡಿದು ನಾನು ಹತ್ತಿರ ಹೋದರೆ ಮುಖ ಗೋಡೆಗೆ ತಿರುಗಿಸಿಬಿಡುತ್ತಿದ್ದಳು. "ಇದು ಗಂಡಸರು ಮಾಡು ಕೆಲ್ಸ ಅಲ್ಲ. ವೀಣಾ ಇದ್ದಿದ್ರೆ" ಎಂದು ಅರ್ಧಕ್ಕೇ ನಿಲ್ಲಿಸುತ್ತಿದ್ದಳು. ಅವಳು ಹಾಗೆ ಅಂದದ್ದನ್ನು ನಿನ್ನಿಂದ ಮುಚ್ಚಿಡುವುದಿಲ್ಲ. ಅವಳ ಜಾಗದಲ್ಲಿ ಯಾರಿದ್ದರೂ ಹಾಗೇ ಅನ್ನುತ್ತಿದ್ದರು. ಮೂರನೆಯ ದಿನ ಗೋಡೆಗೆ ಮುಖಮಾಡಿಕೊಂಡೇ ಅತ್ತಳು. ನಾನು ಬಿಸಿನೀರಿನಲ್ಲಿ ಬಟ್ಟೆ ಅದ್ದಿ ಅವಳ ಒಂದು ಕಾಲು ಒರೆಸಿದೆ. ಪಾದದಿಂದ ಮೊಣಕಾಲವರೆಗೆ ನಿಧಾನ ಒರೆಸುತ್ತಾ ಹೋದಂತೆ ಅಳು ತಾನೇ ನಿಂತಿತು. "ಮತ್ತೊಂದು ಕಾಲು ಎಂತ ಪಾಪ ಮಾಡಿತ್ತು?" ಎಂದಳು. ಅವತ್ತಿನಿಂದ ನಮ್ಮಿಬ್ಬರ ನಡುವೆ ಆ ಜಗಳ ಇಲ್ಲ. ಸ್ನಾನಕ್ಕೆ ಮಾತ್ರ ಆಚೆಮನೆ ನಾಗಮ್ಮ ಬರುತ್ತಾಳೆ. ತನ್ನ ಬಸಳೆ ಚಪ್ಪರಕ್ಕೆ ನೀರು ಹಾಕಿ ಮುಗಿಸಿ ನೇರ ಇಲ್ಲಿಗೇ ಬರುವುದು. ಇಬ್ಬರೂ ಸೇರಿ ಊರಿನವರನ್ನೆಲ್ಲ ಆಡಿಕೊಂಡು ನಗುವ ಶಬ್ದ ಜಗಲಿಯವರೆಗೆ ಕೇಳುತ್ತದೆ.

ಅಡುಗೆ ಈಗ ನನ್ನದು. ನಗಬೇಡ. ಬಸ್ಸಿನ ಕೆಲಸದಲ್ಲಿ ಇಷ್ಟು ವರ್ಷ ಕುಮಟಾ–ಭಟ್ಕಳ ಓಡಾಡಿ ಹೋಟೆಲಿನ ಊಟ ಉಂಡವನು ಈಗ ಒಲೆಯ ಮುಂದೆ ನಿಂತಿದ್ದೇನೆ. ನಿನ್ನ ಅತ್ತೆಯ ಮಂಚವನ್ನು ಅಡುಗೆಮನೆಯ ಬಾಗಿಲಿಗೆ ಎದುರಾಗಿ ಎಳೆದು ಹಾಕಿದ್ದೇವೆ. ಅವಳು ಮಲಗಿದಲ್ಲಿಂದಲೇ ಹೇಳುತ್ತಾಳೆ, ನಾನು ಮಾಡುತ್ತೇನೆ. ಮೊದಲ ದಿನದ ಬಂಗಡೆ ಸಾರನ್ನು ಬೆಕ್ಕು ಕೂಡ ಮೂಸಿ ಬಿಟ್ಟಿತು. ಈಗ ಪರವಾಗಿಲ್ಲ. ಕುದಿಯುವಾಗಲೇ ವಾಸನೆ ಹಿಡಿದು, "ಹುಳಿ ಸಾಕಾಗ್ಲಿಲ್ಲ ಕಾಣಿ" ಎನ್ನುತ್ತಾಳೆ. ರುಚಿ ನೋಡಿದರೆ ಅವಳು ಹೇಳಿದ್ದೇ ಸರಿ ಇರುತ್ತದೆ. ಶ್ರೇಯಾಳ ಜಡೆ ಮಾತ್ರ ನನಗೆ ಇನ್ನೂ ಬಂದಿಲ್ಲ. ಅಂಗನವಾಡಿ ಟೀಚರು ದಿನಾ ಬಿಚ್ಚಿ ಹೊಸದಾಗಿ ಹಾಕುತ್ತಾರಂತೆ. ಕಿರಣ ಕುಮಟಾದ ಗ್ಯಾರೇಜಿಗೆ ಹೊರಡುವ ಮೊದಲು ಪಾತ್ರೆ ತೊಳೆದು, ತೆಂಗಿನಕಾಯಿ ತುರಿದಿಟ್ಟು ಹೋಗುತ್ತಾನೆ. ನಾನು ಹೇಳಿ ಮಾಡಿಸಿದ್ದಲ್ಲ, ತಾನಾಗಿಯೇ ಶುರುಮಾಡಿದ.

ಈಗ ಭಾನುವಾರದ ಸಂಗತಿ. ನೀನು ಫೋನ್ ಇಟ್ಟ ಮೇಲೆ ಮನೆಯಲ್ಲಿ ದೊಡ್ಡ ಮಾತಾಯಿತು. ಅಮ್ಮನನ್ನು ನೋಡಲು ಗಾಯತ್ರಿ ಭಟ್ಕಳದಿಂದ ಬಂದಿದ್ದಳು. ಬಂದವಳು ಅಮ್ಮನ ಕೂದಲು ಬಾಚಿದಳು, ಹಾಸಿಗೆ ಬದಲಿಸಿದಳು, ನಾನು ಕಪ್ಪು ಮಾಡಿಟ್ಟಿದ್ದ ಬಾಣಲೆಯನ್ನು ತಿಕ್ಕಿ ತಿಕ್ಕಿ ತೊಳೆದಳು. ಆಮೇಲೆ ಹೇಳಿದಳು: "ಅಪ್ಪಾ, ನಿಮ್ಮ ವಯಸ್ಸಿಗೆ ಇದೆಲ್ಲ ಆಗೂದಲ್ಲ. ವೀಣಾ ಬತ್ತೆ ಅಂತಿತ್ತಲ್ಲ, ಬರ್ಲಿ. ಸೊಸೆ ಇದ್ದೂ ನೀವು ಒಲೆ ಮುಂದೆ ನಿಲ್ಲೂದು ನನಗೆ ನೋಡೂಕಾಗೂದಿಲ್ಲ." ಅವಳ ಮೇಲೆ ಸಿಟ್ಟು ಮಾಡಿಕೊಳ್ಳಬೇಡ. ತಾನು ಕಲಿಸುವ ಶಾಲೆಗೆ ರಜೆ ಹಾಕಿ ಕೂರಲಾರಳು, ಅಮ್ಮನನ್ನು ಬಿಟ್ಟು ಹೋಗಲೂ ಅವಳಿಗೆ ಆಗುತ್ತಿರಲಿಲ್ಲ. ಆ ಸಂಕಟವನ್ನು ಎಲ್ಲಿ ಇಳಿಸಬೇಕು ತಿಳಿಯದೆ ನಿನ್ನ ಹೆಗಲ ಮೇಲೆ ಇಳಿಸಿದಳು. ಕಿರಣ ಮೊಬೈಲ್ ತಿರುಗಿಸುತ್ತಾ ಕೂತಿದ್ದ. "ಅವ್ಳೇ ಬತ್ತೆ ಅಂದ್ರೆ ನಾನು ಎಂತ ಹೇಳೂದು?" ಎಂದ. ನಾನು ಹೇಳಿದೆ, "ಬರಬ್ಯಾಡ ಅಂತ ಹೇಳೂದು. ಅಷ್ಟೇ." ಅವನು ತಲೆ ಎತ್ತಲಿಲ್ಲ. ನೀನಿಲ್ಲದೆ ಅವನು ಬಾಡಿಹೋಗಿದ್ದಾನೆ ವೀಣಾ. ಹೇಳಿಕೊಳ್ಳುವ ಸ್ವಭಾವ ಅವನದಲ್ಲ.

ಆಗ ಮಂಚದ ಮೇಲಿಂದ ನಿನ್ನ ಅತ್ತೆ ಮಾತೆತ್ತಿದಳು. ಪೊಲೀಸ್ ಕೆಲಸಕ್ಕೆ ಅರ್ಜಿ ಹಾಕಿದಾಗ ಎಲ್ಲರಿಗಿಂತ ಮೊದಲು ಬೇಡ ಎಂದವಳು ಅವಳೇ, ನಿನಗೂ ಗೊತ್ತು. ಇಷ್ಟು ದಿನ ವೀಣಾ ವೀಣಾ ಎಂದು ಕನವರಿಸಿದವಳೂ ಅವಳೇ. ಗಾಯತ್ರಿಯ ಪರವಾಗಿಯೇ ಮಾತಾಡುತ್ತಾಳೆ ಎಂದುಕೊಂಡೆ. ಅವಳು ಗಾಯತ್ರಿಯ ಕೈ ಹಿಡಿದುಕೊಂಡು ಹೇಳಿದ್ದು ಇಷ್ಟು: "ಮುರಿದದ್ದು ನನ್ನ ಸೊಂಟ. ಅವಳ ಕಾಲು ಎಂತಕ್ಕೆ ಮುರೂದು?" ಗಾಯತ್ರಿ ಅತ್ತುಬಿಟ್ಟಳು. ನಾನು ಚಹ ಮಾಡುವ ನೆವದಲ್ಲಿ ಒಳಗೆ ಹೋದೆ. ಹೊರಡುವ ಮುನ್ನ ಗಾಯತ್ರಿ, ಶನಿವಾರ ಮಧ್ಯಾಹ್ನ ಶಾಲೆ ಬಿಟ್ಟ ಕೂಡಲೇ ಬಸ್ಸು ಹತ್ತಿ ಬಂದು ಭಾನುವಾರ ಸಂಜೆಯವರೆಗೆ ಇರುತ್ತೇನೆ ಎಂದಳು. ಬಾಗಿಲ ಹತ್ತಿರ ನಿಂತು, "ವೀಣಾಗೆ ಹೇಳಿ, ನಾನು ಕೆಟ್ಟ ಮನಸ್ಸಿಂದ ಹೇಳಿದ್ದಲ್ಲ" ಎಂದಳು. ಹೇಳಿದ್ದೇನೆ.

ಆದ್ದರಿಂದ ನನ್ನ ಮಾತು ಕೇಳು. ನಡುವೆ ಬಿಟ್ಟು ಬಂದರೆ ಮತ್ತೆ ಮೊದಲಿನಿಂದ ಶುರುಮಾಡಬೇಕು, ಮತ್ತೆ ಸೇರಿಸಿಕೊಳ್ಳುತ್ತಾರೆ ಎಂದೂ ಇಲ್ಲ, ಹೀಗೆಂದು ನೀನೇ ಹೇಳಿದ್ದೆ. ಮದುವೆಯಾಗಿ ಬಂದ ಮೇಲೆ, ಮಗುವನ್ನು ಕಾಲ ಮೇಲೆ ಹಾಕಿ ತೂಗುತ್ತಾ, ಪುಸ್ತಕವನ್ನು ಮಣೆಯ ಮೇಲೆ ತೆರೆದಿಟ್ಟು ಓದಿದವಳು ನೀನು. ಮಬ್ಬುಗತ್ತಲಲ್ಲಿ ಕರ್ಕಿಯ ಸಮುದ್ರದಂಡೆಗೆ ಓಡಲು ಹೋಗುತ್ತಿದ್ದಾಗ ಊರವರು ಆಡಿದ ಮಾತನ್ನು ನಾನೂ ಕೇಳಿಸಿಕೊಂಡಿದ್ದೇನೆ. ಅದನ್ನೆಲ್ಲ ದಾಟಿದ ಮೇಲೆ ಈಗ ಅರ್ಧಕ್ಕೆ ಇಳಿಯಬೇಡ. ನೀನು ಬಂದು ಅತ್ತೆಯ ಪಕ್ಕ ಕೂತರೆ ಅವಳ ಮೂಳೆ ಬೇಗ ಕೂಡುವುದಿಲ್ಲ. ತನ್ನಿಂದ ನಿನ್ನ ಕೆಲಸ ಹೋಯಿತು ಎಂದು ಅವಳು ಜೀವಮಾನವಿಡೀ ಕೊರಗುತ್ತಾಳೆ. ಅದಕ್ಕೆ ಯಾವ ಡಾಕ್ಟರೂ ರಾಡು ಹಾಕಲಾರರು. ಮನೆ ನಡೆಯುತ್ತದೆ. ಕುಂಟುತ್ತಾ ನಡೆಯುತ್ತದೆ, ಆದರೆ ನಡೆಯುತ್ತದೆ. ನೀನು ಬಿಟ್ಟು ಬಂದರೆ ನಾನೇ ಮರುದಿನ ಬಸ್ಸು ಹತ್ತಿಸಿ ಕರೆದುಕೊಂಡು ಬಂದು ಆ ಗೇಟಿನ ಒಳಗೆ ಬಿಡುತ್ತೇನೆ. ಇದು ತಮಾಷೆಯ ಮಾತಲ್ಲ.

ಮೈ ಜೋಪಾನ. ಕವಾಯತಿನಲ್ಲಿ ಬಿಸಿಲಿಗೆ ತಲೆ ಸುತ್ತಿದರೆ ಹೇಳಿಕೊಳ್ಳಲು ನಾಚಬೇಡ. ನಿನ್ನ ಅತ್ತೆ ಹರಸಿದ್ದಾಳೆ, ನಿನ್ನನ್ನು ಕೇಳಿದೆ ಎಂದು ಬರೆಯಲು ನಾಗಮ್ಮ ಹೇಳಿದ್ದಾಳೆ. ಧಾರೇಶ್ವರನ ಕೃಪೆ ನಿನ್ನ ಮೇಲಿರಲಿ.

ಇಂತು ನಿನ್ನ ಮಾವ,
ನಾಗಪತಿ

ತಾ.ಕ.: ಅಂಚೆ ಕಚೇರಿಯಲ್ಲಿ ನಿಂತು ಇದನ್ನು ಬರೆಯುತ್ತಿದ್ದೇನೆ. ಶ್ರೇಯಾ ಚೆನ್ನಾಗಿದ್ದಾಳೆ ಎಂದು ಮೇಲೆ ಬರೆದೆನಲ್ಲ, ಅದು ಪೂರ್ತಿ ನಿಜವಲ್ಲ. ನಿನ್ನ ದಾರಿ ಕಾಯುತ್ತಾ ಅವಳು, ಆಯಿ ಯಾವಾಗ ಬರುತ್ತಾಳೆ ಎಂದು ಕೇಳಿದಾಗಲೆಲ್ಲ ಕಿರಣ "ನಾಳೆ" ಎನ್ನುತ್ತಾನೆ. ಮಗುವನ್ನು ಅಳಿಸಲು ಅವನಿಗೆ ಮನಸ್ಸಿಲ್ಲ. ಅವಳು ಅದನ್ನು ನಂಬಿ ಅಂಗನವಾಡಿಯಿಂದ ಬಂದವಳೇ ಮೆಟ್ಟಿಲ ಮೇಲೆ ಕೂರುತ್ತಾಳೆ, ಕತ್ತಲಾದರೂ ಏಳುವುದಿಲ್ಲ. ಭಾನುವಾರ ಫೋನಿನಲ್ಲಿ ನಿಜ ಹೇಳು. ನಾಳೆ ಅಲ್ಲ, ಮಾವಿನಹಣ್ಣು ಮುಗಿದು ಮಳೆ ಶುರುವಾದ ಮೇಲೆ ಎಂದು ನಿನ್ನ ಬಾಯಿಂದಲೇ ಹೇಳು. ಅಳುತ್ತಾಳೆ. ಅಳಲಿ, ನಾನು ಎತ್ತಿಕೊಂಡಿರುತ್ತೇನೆ. ಆ ಅಳು ಕೇಳಿಯೂ ನೀನು ಅಲ್ಲೇ ಇರಬೇಕು, ಮಗಳೇ.