ಬೈಂದೂರಿಗೆ ಹೋದ ಹಸಿರು ಕಾರು

ಕೋಟೇಶ್ವರ
೧೭ ನವೆಂಬರ್ ೨೦೨೪, ಭಾನುವಾರ

ಪ್ರೀತಿಯ ಇವರಿಗೆ,

ಮದುವೆಯಾಗಿ ಇಪ್ಪತ್ತೆರಡು ವರ್ಷವಾದರೂ ಕಾಗದದ ಮೇಲೂ ನಿಮ್ಮ ಹೆಸರು ಬರೆಯಲು ಕೈ ಬರುವುದಿಲ್ಲ, ನಗಬೇಡಿ. ಹೇಗಿದ್ದೀರಿ? ಹಡಗಿನ ಎಂಜಿನ್ ರೂಮಿನ ಸೆಕೆಗೆ ಬೆನ್ನ ಮೇಲೆ ಎದ್ದಿದ್ದ ಬೆವರುಗುಳ್ಳೆ ಗುಣವಾಯಿತೇ? ರಾತ್ರಿ ಪಾಳಿ ಮುಗಿಸಿ ಬಂದವರು ಉಣ್ಣದೆ ಮಲಗುತ್ತೀರಂತೆ, ರಜೆಗೆ ಬಂದಿದ್ದ ನಿಮ್ಮ ಜೊತೆಗಾರ ಸುಜನ್ ಹೇಳಿದ. ಅವನು ಮತ್ತೆ ನಿಮ್ಮ ಹಡಗು ಹತ್ತಲು ಇವತ್ತು ಮುಂಬಯಿಗೆ ಹೊರಟಿದ್ದಾನೆ. ನಿಮ್ಮ ಫೋನು ಸಿಕ್ಕಿದರೂ ಕೇಳಿಸ್ತಾ, ಕೇಳಿಸ್ತಾ ಎನ್ನುವುದರಲ್ಲೇ ಮುಗಿಯುತ್ತದೆ, ಆದ್ದರಿಂದ ಎಲ್ಲವನ್ನೂ ಬರೆದು ಅವನ ಕೈಯಲ್ಲೇ ಕೊಡುತ್ತಿದ್ದೇನೆ. ಜೊತೆಗೆ ಹಲಸಿನ ಹಪ್ಪಳ ಇದೆ, ಒಣ ಸಿಗಡಿ ಚಟ್ನಿ ಇದೆ. ಚಟ್ನಿಯ ಡಬ್ಬಿಯನ್ನು ಬಟ್ಟೆಯ ನಡುವೆ ಇಡಬೇಡ ಎಂದು ಅವನಿಗೆ ಹೇಳಿದ್ದೇನೆ. ಇಟ್ಟೇ ಇಟ್ಟಿರುತ್ತಾನೆ.

ಇಲ್ಲಿ ಎಲ್ಲರೂ ಸೌಖ್ಯ. ಶ್ರಾವ್ಯಳಿಗೆ ಪರೀಕ್ಷೆ ಹತ್ತಿರ ಬಂದಿದೆ, ಹಾಗಾಗಿ ಮನೆಗೆಲಸ ಯಾವುದೂ ಕಣ್ಣಿಗೆ ಬೀಳುವುದಿಲ್ಲ. ನನ್ನ ಹೊಲಿಗೆ ಅಂಗಡಿಗೆ ಮದುವೆ ಬ್ಲೌಸುಗಳ ರಾಶಿ ಬಂದಿದೆ. ಅತ್ತೆಯ ಮಂಡಿ ಎಂದಿನಂತೆ, ಬಾಯಿಯೂ ಎಂದಿನಂತೆ. ಮೊನ್ನೆ ಮೀನಿನವಳು ಬಂಗುಡೆಗೆ ಹೇಳಿದ ಕ್ರಯ ಕೇಳಿ, ಮೂವತ್ತು ವರ್ಷ ತಾನೂ ಬುಟ್ಟಿ ಹೊತ್ತವಳೆಂದು ಹೇಳಿ, ಅರ್ಧ ಗಂಟೆ ಅವಳಿಗೆ ವ್ಯಾಪಾರದ ಪಾಠ ಮಾಡಿದರು. ಕೊನೆಗೆ ಅವಳಿಗೆ ಚಹಾ ಕುಡಿಸಿ ಅವಳು ಹೇಳಿದ ಕ್ರಯಕ್ಕೇ ತೆಗೆದುಕೊಂಡರು.

ಇನ್ನು ಕಾರಿನ ವಿಷಯ. ನೀವು ಹೋಗುವಾಗ ಬರೆದಿಟ್ಟ ಜಾಹೀರಾತನ್ನು ಶ್ರಾವ್ಯ ಹಳೆಯ ಕಾರುಗಳ ಗುಂಪಿನಲ್ಲಿ ಹಾಕಿದಳು. ಇಂಗ್ಲೆಂಡಿನಲ್ಲಿ ತಯಾರಾದ ಎಂಜಿ, ೧೯೫೧ರ ಮಾಡೆಲ್, ಎರಡೇ ಸೀಟು, ಮಡಚುವ ಟಾಪು, ಮೂಲ ಎಂಜಿನ್, ಪೂರ್ತಿ ರಿಪೇರಿಯಾಗಿ ಓಡುತ್ತಿದೆ ಎಂದೆಲ್ಲ ನೀವು ಬರೆದದ್ದನ್ನು ಹಾಗೆಯೇ ಇಟ್ಟು, ಸೀಟಿನ ಕವರು ಅಮ್ಮ ಹೊಲಿದದ್ದು ಎಂದು ಅವಳೇ ಒಂದು ಸಾಲು ಸೇರಿಸಿದ್ದಾಳೆ. ನೋಡಲು ಬಂದವರಿಗೆ ಲೆಕ್ಕವಿಲ್ಲ. ಒಬ್ಬರು ಬಾನೆಟ್ ಮೇಲೆ ಮಗುವನ್ನು ಕೂರಿಸಿ ಫೋಟೋ ತೆಗೆದುಕೊಂಡು ಹೋದರು. ಸಾಲಿಗ್ರಾಮದ ಇಬ್ಬರು ಯುವಕರು ಇದಕ್ಕೆ ಏಸಿ ಕೂರಿಸಬಹುದೇ ಎಂದು ಕೇಳಿದರು. ಅವರನ್ನು ನಾನೇ ಗೇಟಿನವರೆಗೆ ಬಿಟ್ಟುಬಂದೆ.

ಕೊನೆಗೆ ನಿಜವಾದ ಗಿರಾಕಿ ಎಂದರೆ ಮಂಗಳೂರಿನ ಅಶೋಕ್ ಎಂಬವರು. ಅರವತ್ತರ ಆಸುಪಾಸಿನವರು, ಹಳೆಯ ಕಾರುಗಳ ಹುಚ್ಚು, ಮಾತು ಕಡಿಮೆ. ಹೋದ ಭಾನುವಾರ ಬೆಳಿಗ್ಗೆ ಬಂದವರು ಚಪ್ಪಲಿ ಬಿಟ್ಟು ಕಾರಿನ ಶೆಡ್ಡಿನೊಳಗೆ ಹೋದರು. ಆರು ವರ್ಷ ರಜೆಗೆ ಬಂದಾಗಲೆಲ್ಲ ನೀವು ಕಾರಿನಡಿ ಮಲಗಿದ್ದು, ಬಂದರು ಬಂದರಿನಿಂದ ಬಟ್ಟೆಯಲ್ಲಿ ಸುತ್ತಿ ಬಿಡಿಭಾಗ ತಂದದ್ದು, ಎಲ್ಲವನ್ನೂ ಅವರು ನಾನು ಹೇಳದೆಯೇ ಅರ್ಥ ಮಾಡಿಕೊಂಡರು ಅನ್ನಿಸಿತು. ಹಸಿರು ಬಣ್ಣದ ಮೇಲೆ ಕೈಯಿಡದೆ ಬಗ್ಗಿ ಬಗ್ಗಿ ನೋಡಿದರು. ಒಂದು ಸುತ್ತು ಓಡಿಸಿ ನೋಡಬಹುದೇ ಎಂದು ಕೇಳಿದರು. ಕುಂದಾಪುರದ ಶಾಸ್ತ್ರಿ ಸರ್ಕಲಿನವರೆಗೆ ಹೋಗಿ ತಿರುಗಿಸಿ ಬರುವುದೆಂದು ಮಾತಾಯಿತು. ನಾನು ಸೆರಗು ಸಿಕ್ಕಿಸಿ ಪಕ್ಕದ ಸೀಟಿನಲ್ಲಿ ಕೂತೆ.

ಆಗ ಅತ್ತೆ ಹೊರಗೆ ಬಂದರು. ಪೆಟ್ಟಿಗೆಯಲ್ಲಿದ್ದ ನೇರಳೆ ಬಣ್ಣದ ಸೀರೆ ಉಟ್ಟು, ತಲೆ ಬಾಚಿ, ಅಬ್ಬಲಿಗೆ ಮುಡಿದಿದ್ದರು. "ನೀ ಇಳಿ ಕುಸುಮ, ನಾ ಕೂಕಂತೆ" ಎಂದರು. ನಾನು ಇಳಿದು ನಿಂತೆ. ಕಾರು ಮಾರುವುದೇ ಅವರ ಮಂಡಿಗಾಗಿ. ಈ ತಗ್ಗು ಸೀಟಿಗೆ ಅಮ್ಮ ಹತ್ತಿ ಇಳಿಯುವುದು ಆಗದು, ಹಿಂದೆ ಸೀಟಿರುವ ಎತ್ತರದ ಕಾರು ತೆಗೆಯೋಣ ಎಂದು ನೀವೇ ಹೇಳಿದ್ದು. ಹೇಳುವಾಗ ನನ್ನ ಮುಖ ನೋಡದೆ ಬಾನೆಟ್ ಒರೆಸುತ್ತಿದ್ದಿರಿ. ಅತ್ತೆ ಬೆನ್ನು ತಿರುಗಿಸಿ ಮೊದಲು ಕೂತರು, ಆಮೇಲೆ ಒಂದೊಂದೇ ಕಾಲನ್ನು ಕೈಯಿಂದ ಎತ್ತಿ ಒಳಗಿಟ್ಟುಕೊಂಡರು. ಯಾರೂ ಹಿಡಿಯಲಿಲ್ಲ. ಇದನ್ನು ಯಾವಾಗ ಕಲಿತಿರಿ ಎಂದೆ. ನಾನು ಅಂಗಡಿಗೆ ಹೋದ ಮೇಲೆ ದಿನಾ ಮಧ್ಯಾಹ್ನ ಶೆಡ್ಡಿನಲ್ಲಿ ಹೀಗೆ ಕೂತು ಅಭ್ಯಾಸವಂತೆ. ಶ್ರಾವ್ಯಳಿಗೆ ಗೊತ್ತಿತ್ತಂತೆ. ಅಜ್ಜಿ ಮೊಮ್ಮಗಳು ಸೇರಿದರೆ ಈ ಮನೆಯಲ್ಲಿ ನಮ್ಮಿಬ್ಬರಿಗೆ ಏನೂ ಗೊತ್ತಾಗುವುದಿಲ್ಲ, ನೆನಪಿಡಿ.

ಅವರು ಹೊರಟರು, ನಾನು ಸ್ಕೂಟರಿನಲ್ಲಿ ಹಿಂದೆ ಹೊರಟೆ. ಕುಂದಾಪುರದವರೆಗೆ ಎಲ್ಲ ಸರಿಯಿತ್ತು. ಆದರೆ ಸರ್ಕಲಿನಲ್ಲಿ ಕಾರು ತಿರುಗಲಿಲ್ಲ. ಸೇತುವೆ ದಾಟಿತು, ಹೆಮ್ಮಾಡಿ ದಾಟಿತು. ನಾನು ಹಾರ್ನ್ ಹೊಡೆದರೆ ಅಶೋಕರು ಒಮ್ಮೆ ತಿರುಗಿ ನೋಡಿ ಕೈ ಬೀಸಿದರು, ಆ ಬೀಸಿದ್ದರಲ್ಲಿ ಧೈರ್ಯ ಹೇಳಿದ್ದೋ ಕ್ಷಮೆ ಕೇಳಿದ್ದೋ ತಿಳಿಯಲಿಲ್ಲ. ಲಾರಿಗಳು ಅಡ್ಡ ಬಂದು ತ್ರಾಸಿಯ ಹತ್ತಿರ ಕಾರು ಕಣ್ಣಿಗೆ ಬೀಳದಾಯಿತು. ಯಾರೋ ಗೊತ್ತಿಲ್ಲದವರ ಜೊತೆ ಅತ್ತೆಯನ್ನು ಕಳಿಸಿಬಿಟ್ಟೆನಲ್ಲ, ನಿಮಗೆ ಏನು ಹೇಳಲಿ ಎಂದುಕೊಂಡು ಸ್ಕೂಟರಿನ ವೇಗ ಹೆಚ್ಚಿಸಿದೆ. ಮರವಂತೆಯಲ್ಲಿ ಕಾರು ಕಡಲ ಬದಿಗೆ ನಿಂತಿತ್ತು. ಅತ್ತೆ ಕೂತಲ್ಲೇ ಕೂತು ಎಳನೀರು ಕುಡಿಯುತ್ತಿದ್ದರು, ಮುಡಿದ ಹೂವೆಲ್ಲ ಗಾಳಿಗೆ ಕೆದರಿ ಹೆಗಲ ಮೇಲಿತ್ತು. ಅಶೋಕರು ಪಕ್ಕದಲ್ಲಿ ನಿಂತು ನನ್ನ ಬೈಗುಳಕ್ಕೆ ತಯಾರಾಗಿದ್ದರು. ಸರ್ಕಲಿನಲ್ಲಿ ತಿರುಗಿಸಲು ಹೊರಟರೆ ಅಮ್ಮನವರು ಇನ್ನೊಂಚೂರು ಹೋಪ ಎಂದರು, ಸೇತುವೆಯ ಮೇಲೆ ನಿಲ್ಲಿಸಬಾರದು ಎಂದರು, ಆಮೇಲೆ ಹೆಮ್ಮಾಡಿ, ಆಮೇಲೆ ಇಲ್ಲಿ ಎಂದು ಅವರು ವಿವರಿಸಿದರು. ನಾನು ಅತ್ತೆಯ ಮುಖ ನೋಡಿದೆ. "ಬೈಂದೂರಿಗೆ ಹೋಪ. ನನ್ ಅಪ್ಪನ್ ಮನಿಗೆ" ಎಂದರು.

ಎಳನೀರಿನ ಬುರುಡೆ ಹಿಡಿದುಕೊಂಡೇ ಅವರು ಹೇಳಿದ್ದನ್ನು ನಿಮಗೂ ಹೇಳಬೇಕು. ಮಾವ ಈ ಕಾರನ್ನು ದಾದರಿನ ಪಾರ್ಸಿ ಡಾಕ್ಟರಿಗೆ ಮೂವತ್ತು ವರ್ಷ ಓಡಿಸಿದರಲ್ಲ, ಮದುವೆಯಾದ ಹೊಸತಿನಲ್ಲಿ ಅತ್ತೆಯೂ ಅಲ್ಲಿ ಸ್ವಲ್ಪ ಕಾಲ ಇದ್ದರು. ಒಮ್ಮೆ ಡಾಕ್ಟರ ಹೆಂಡತಿಯೇ ಮಾವನನ್ನು ಕರೆದು, ನಿನ್ನ ಹೆಂಡತಿ ಬೆಳ್ಳಿಯನ್ನು ಕೂರಿಸಿ ಒಂದು ಸುತ್ತು ಹೊಡೆಸಿಕೊಂಡು ಬಾ ಎಂದರಂತೆ. ಮಾವ ಒಪ್ಪಲಿಲ್ಲ. ಯಜಮಾನರ ಸೀಟಿನಲ್ಲಿ ನನ್ನ ಹೆಂಡತಿ ಕೂರುವುದು ಬೇಡ, ನಮ್ಮದಾದ ದಿನ ಕೂರಿಸಿ ಬೈಂದೂರಿಗೇ ಬಿಡುತ್ತೇನೆ ಎಂದರಂತೆ. ಡಾಕ್ಟರು ಮನೆ ಮುಚ್ಚಿ ಕಾರನ್ನು ಅವರಿಗೇ ಕೊಟ್ಟಾಗ ಅದು ಲಾರಿಯ ಮೇಲೆ ಊರಿಗೆ ಬಂತು, ಎಂಜಿನ್ ಹಿಡಿದುಕೊಂಡಿತ್ತು. ಅದು ಮತ್ತೆ ಓಡುವ ಹೊತ್ತಿಗೆ ಮಾವ ಇರಲಿಲ್ಲ. ಅತ್ತೆ ಇದನ್ನು ಅಳುತ್ತ ಹೇಳಲಿಲ್ಲ, ಬಸ್ಸಿನ ಹೊತ್ತು ಹೇಳುವ ಹಾಗೆ ಹೇಳಿದರು. ಅಶೋಕರೇ ಆಚೆ ಹೋಗಿ ಸಮುದ್ರ ನೋಡುತ್ತ ನಿಂತರು.

ಅಲ್ಲಿಂದ ಬೈಂದೂರಿಗೆ ಹೋದೆವು. ನಿಮ್ಮ ಸೀತು ದೊಡ್ಡಮ್ಮ ಅಂಗಳದಲ್ಲಿ ಬಲೆ ಒಣಗಿಸಿದ್ದರು. ತಂಗಿಯ ಗಂಡ ಬೊಂಬಾಯಿಯಲ್ಲಿ ಕಾರು ಬಿಡುತ್ತಾನೆ, ತಂಗಿ ಊರಲ್ಲಿ ಬಸ್ಸಿಗೆ ನೇತಾಡುತ್ತಾಳೆ ಎಂದು ಐವತ್ತು ವರ್ಷ ತಮಾಷೆ ಮಾಡಿದ ಅಕ್ಕ ಅವರು. ಕಾರು ಅಂಗಳಕ್ಕೆ ಬಂದಾಗ ಬಲೆಯನ್ನು ಬದಿಗೆಳೆಯುವುದನ್ನೂ ಮರೆತು ನಿಂತುಬಿಟ್ಟರು. ಒಂದು ಸುತ್ತು ಬಂದು, ಚಕ್ರಗಳನ್ನು ಮುಟ್ಟಿ ನೋಡಿ, "ಇದ್ ಯಾರ್ ಕಾರೆ ಬೆಳ್ಳಿ?" ಎಂದರು.

ಅತ್ತೆ ಸೆರಗು ಸರಿಮಾಡಿಕೊಂಡು, "ನಮ್ಮನಿ ಕಾರ್" ಎಂದರು.

ಕೊಳ್ಳಲು ಬಂದವರು ಸ್ಟೇರಿಂಗ್ ಹಿಡಿದು ಅಲ್ಲೇ ಕೂತಿದ್ದಾರೆ, ಯೋಚಿಸಿ. ನನಗೆ ನಾಚಿಕೆಯಿಂದ ಭೂಮಿಗಿಳಿದು ಹೋದ ಹಾಗಾಯಿತು. ಅಶೋಕರು ಮಾತ್ರ ಹೌದೆನ್ನುವ ಹಾಗೆ ತಲೆಯಾಡಿಸಿ, ಇಳಿದು ಬಂದು ಆ ಕಡೆಯ ಬಾಗಿಲು ತೆರೆದು ಹಿಡಿದರು. ಹತ್ತುವುದನ್ನು ಅಭ್ಯಾಸ ಮಾಡಿದ್ದ ಅತ್ತೆಗೆ ಅಷ್ಟು ದೂರ ಕೂತ ಮೇಲೆ ಇಳಿಯುವುದು ಸುಲಭವಾಗಲಿಲ್ಲ. ನಾನು, ದೊಡ್ಡಮ್ಮ, ಅಶೋಕರು ಮೂವರೂ ಸೇರಿ ದೋಣಿ ಎಳೆದಂತೆ ಎಳೆದೆವು. ಅತ್ತೆ ನಗು ತಡೆಯಲಾಗದೆ ಅರ್ಧಕ್ಕೇ ಮತ್ತೆ ಕೂತುಬಿಟ್ಟರು. ದೊಡ್ಡಮ್ಮ ಅಶೋಕರಿಗೆ ಯಾರು ಎತ್ತ ಎಂದು ಕೇಳದೆ ಕುಚ್ಚಲಕ್ಕಿ ಅನ್ನ, ಕಾಣೆ ಮೀನಿನ ಸಾರು ಬಡಿಸಿದರು, ಡ್ರೈವರಿಗೆ ಕಡಿಮೆಯಾಗಬಾರದೆಂದು ಎರಡನೇ ಸಲವೂ ಬಡಿಸಿದರು. ಅವರು ತಾನು ಡ್ರೈವರಲ್ಲ ಎಂದು ಹೇಳಲೇ ಇಲ್ಲ. ಊಟವಾದ ಮೇಲೆ ದೊಡ್ಡಮ್ಮನೂ ಒಂದು ಸುತ್ತು ಕೂತರು, ಸ್ಟೇಷನ್ನಿನವರೆಗೆ. ಇಳಿದ ಮೇಲೆ ತಂಗಿಯ ಕೈ ಹಿಡಿದುಕೊಂಡು ಜಗಲಿಯಲ್ಲಿ ಬಹಳ ಹೊತ್ತು ಕೂತಿದ್ದರು. ಏನು ಮಾತಾಡಿದರೋ ನಾನು ಕೇಳಲು ಹೋಗಲಿಲ್ಲ.

ಸಂಜೆ ಮನೆಗೆ ಬಂದು ಕಾರನ್ನು ಶೆಡ್ಡಿನಲ್ಲಿ ನಿಲ್ಲಿಸಿದ ಮೇಲೆ ಅಶೋಕರು ಕೀಲಿಯನ್ನು ನನ್ನ ಕೈಯಲ್ಲಿಟ್ಟರು. "ಕಾರಿನಲ್ಲಿ ಕೊರತೆ ಏನೂ ಇಲ್ಲ, ನಾನು ಈಗಲೇ ಕೊಳ್ಳುತ್ತೇನೆ. ಆದರೆ ನೀವು ಮೊದಲು ಮನೆಯಲ್ಲಿ ಒಂದು ಮಾತು ಕೇಳಿ" ಎಂದರು. ಎಷ್ಟು ದಿನ ಬೇಕಾದರೂ ಕಾಯುತ್ತಾರಂತೆ. ಒಳ್ಳೆಯ ಮನುಷ್ಯರು, ಮಾರುವುದಾದರೆ ಇಂಥವರಿಗೇ ಮಾರಬೇಕು. ಕೊಂಡವರು ಸೀಟಿನ ಕವರು ಬದಲಿಸಿದರೆ ನನಗೆ ಬೇಜಾರಾಗುತ್ತಿತ್ತು, ಅವರು ಬದಲಿಸುವವರಲ್ಲ. ಆದರೆ ನಿರ್ಧಾರ ನಿಮ್ಮದು. ಮುಂದಿನ ಬಂದರು ಸಿಕ್ಕಿದ ಕೂಡಲೇ ಫೋನ್ ಮಾಡಿ, ಈ ಸಲ ಕೇಳಿಸ್ತಾ ಎಂದು ಕೇಳದೆ ನೇರ ವಿಷಯಕ್ಕೆ ಬನ್ನಿ.

ಹೊತ್ತಿಗೆ ಸರಿಯಾಗಿ ಉಣ್ಣಿ, ಪಾಳಿ ಮುಗಿದ ಮೇಲೆ ಬೆನ್ನಿಗೆ ಕೊಬ್ಬರಿ ಎಣ್ಣೆ ಹಚ್ಚಿಕೊಳ್ಳಿ. ಶ್ರಾವ್ಯ ಬಂದರಿನಿಂದ ಏನು ತರಬೇಕೆಂದು ಬರೆಯಲು ಹೊರಟಿದ್ದಳು, ಕಾಗದ ಸಾಲದೆಂದು ತಡೆದಿದ್ದೇನೆ. ಅತ್ತೆಯ ಆಶೀರ್ವಾದ ನಿಮಗೂ ಸುಜನನಿಗೂ.

ನಿಮ್ಮ ದಾರಿ ನೋಡುತ್ತಿರುವ
ಕುಸುಮ

ತಾ.ಕ.: ಸುಜನನ ರಿಕ್ಷಾ ಗೇಟಿನಲ್ಲಿ ನಿಂತಿದೆ, ಬೇಗ ಬರೆಯುತ್ತೇನೆ. ಕಾಗದವನ್ನು ಅತ್ತೆ ಶ್ರಾವ್ಯಳಿಂದ ಓದಿಸಿಕೊಂಡರು. ನಿರ್ಧಾರ ನಿಮ್ಮದು ಎಂದು ನಾನು ಬರೆದದ್ದು ಅವರಿಗೆ ಹಿಡಿಸಲಿಲ್ಲ. ಆಗಲೇ ಅಶೋಕರಿಗೆ ತಾವೇ ಫೋನ್ ಮಾಡಿ ಕಾರು ಕೊಡುವುದಿಲ್ಲ ಎಂದರು, ಊಟಕ್ಕೆ ಮಾತ್ರ ಯಾವಾಗ ಬೇಕಾದರೂ ಬನ್ನಿ ಎಂದರು. ಎತ್ತರದ ಕಾರು ಅವರಿಗೆ ಬೇಡವಂತೆ. ಹಡಗಿನ ಇನ್ನೊಂದು ಒಪ್ಪಂದಕ್ಕೆ ಸಹಿ ಹಾಕದೆ ಮಾರ್ಚಿಗೆ ಮನೆಗೆ ಬನ್ನಿ, ಇದು ನನ್ನ ಮಾತು. ಅವರ ಮಾತನ್ನು ಹೇಳಿದ ಹಾಗೆಯೇ ಬರೆಯುತ್ತೇನೆ: "ರಾಜೇಂದ್ರ ಬರ್ಲಿ. ಕಾರ್ ಅವ್ನ್ ಬಿಡ್ಲಿ, ನಾ ಬದಿಯಂಗೆ ಕೂಕಂತೆ."